ಕ್ಯಾನ್ಸಲ್ ಆದವರ ಹಾಜರಿ

ಸುಸನ್ ಪಾಯ್ಸ್‌ಗೆ ಆ ಜನವರಿಯಲ್ಲಿ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ಕನಸಿನಲ್ಲಿ ನೆಲವಿಲ್ಲ, ಗೋಡೆಯಿಲ್ಲ, ಎಲ್ಲೆಲ್ಲೂ ಬರಿಯ ಬಿಳಿ. ಆ ಬಿಳಿಯ ಮುಂದೆ ಮುಖಗಳು ನಿಂತಿರುತ್ತಿದ್ದವು. ನಗುತ್ತಿರಲಿಲ್ಲ, ಅಳುತ್ತಿರಲಿಲ್ಲ, ಎರಡೂ ಕಿವಿ ಕಾಣುವಂತೆ ಅವಳನ್ನೇ ನೇರವಾಗಿ ನೋಡುತ್ತಿದ್ದವು. ಕೊಲ್ಲಿಗೆ ಬಂದು ವೀಸಾಕ್ಕೆಂದು ಫೋಟೊ ತೆಗೆಸಿಕೊಂಡ ಯಾರಿಗೂ ಈ ಕನಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಬಿಳಿ ಪರದೆ, ಮುಂದೆ ಬಾಯಿ ಮುಚ್ಚಿ ಕುಳಿತ ಮನುಷ್ಯ. ಸುಸನ್‌ಗೆ ಆ ಮುಖಗಳ ಹೆಸರೂ ಗೊತ್ತಿತ್ತು. ಅವರೆಲ್ಲ ಅವಳೇ ‘ಲೆಫ್ಟ್’ ಮಾಡಿದವರು.

ಹಾಗೆಂದರೆ ಏನೆಂದು ಹೇಳಿಬಿಡಬೇಕು. ದುಬೈಯ ಜುಮೇರಾ ಲೇಕ್ ಟವರ್ಸ್‌ನ ಒಂದು ಕಟ್ಟಡದ ಹದಿನಾಲ್ಕನೇ ಮಹಡಿಯಲ್ಲಿ ಒಂದು ಪುಟ್ಟ ಕಮ್ಯುನಿಟಿ ಕಾಲೇಜಿತ್ತು. ಎರಡು ವರ್ಷದ ಡಿಪ್ಲೊಮಾ ಕೊಡುವ ಕಾಲೇಜು. ಕಿಟಕಿಯಿಂದ ಸಮುದ್ರ ಕಾಣುತ್ತದೆಂದು ಜಾಹೀರಾತಿನಲ್ಲಿ ಹೇಳಿಕೊಳ್ಳುತ್ತಿದ್ದರು. ಕಾಣುತ್ತಿದ್ದದ್ದು ಕೆಳಗೆ ತೋಡಿದ ಕೆರೆ ಮತ್ತು ಎದುರು ಕಟ್ಟಡದವರು ಒಣಹಾಕಿದ ಬಟ್ಟೆ. ವಾರದ ದಿನಗಳಲ್ಲಿ ಬೆಳಿಗ್ಗೆ ಅಲ್ಲಿ ಶಾಲೆ ಮುಗಿಸಿದ ಹುಡುಗ ಹುಡುಗಿಯರು ಓದುತ್ತಿದ್ದರು. ಶುಕ್ರವಾರ, ಊರೆಲ್ಲ ರಜೆಯ ನಿದ್ದೆಯಲ್ಲಿರುವಾಗ, ದುಡಿಯುವವರ ಕ್ಲಾಸು ನಡೆಯುತ್ತಿತ್ತು. ಜೆಬೆಲ್ ಅಲಿಯ ಗೋದಾಮುಗಳಿಂದ ಕಂಪೆನಿ ಬಸ್ಸಿನಲ್ಲಿ, ಕರಾಮದ ಅಂಗಡಿಗಳಿಂದ ಹಂಚಿಕೊಂಡ ಟ್ಯಾಕ್ಸಿಯಲ್ಲಿ ಬಂದವರು ಜುಮ್ಮಾ ನಮಾಝಿನ ಹೊತ್ತಿಗೆ ಮುಂಚೆ ಅಷ್ಟಿಷ್ಟು ಅಕೌಂಟ್ಸು, ಅಷ್ಟಿಷ್ಟು ಇಂಗ್ಲಿಷು ಕಲಿತು ಹೋಗುತ್ತಿದ್ದರು. ಅವರೆಲ್ಲರ ಫೈಲು ನೋಡಿಕೊಳ್ಳುವವಳು ಸುಸನ್.

ಶುಕ್ರವಾರದವರು ಓದಬೇಕಾದರೆ ಅವರ ಕಂಪೆನಿ ಒಪ್ಪಿಗೆ ಪತ್ರ ಕೊಡಬೇಕಿತ್ತು. ಆಮೇಲೊಂದು ದಿನ ಅದೇ ಕಂಪೆನಿಯಿಂದ ಒಂದು ಮೇಲ್ ಬರುತ್ತಿತ್ತು: ಈ ನೌಕರನ ವೀಸಾ ಕ್ಯಾನ್ಸಲ್ ಆಗಿದೆ, ನಮ್ಮ ಒಪ್ಪಿಗೆ ಹಿಂದಕ್ಕೆ. ಕೊಲ್ಲಿಯಲ್ಲಿ ಕ್ಯಾನ್ಸಲ್ ಎಂಬ ಶಬ್ದಕ್ಕೆ ಒಂದೇ ಅರ್ಥ. ಪೆಟ್ಟಿಗೆ ಕಟ್ಟಿದ, ವಿಮಾನ ಹತ್ತಿದ, ಖಲಾಸ್. ಸುಸನ್ ಆ ಹೆಸರಿನ ಮುಂದೆ ‘ಲೆಫ್ಟ್’, ಅಂದರೆ ಬಿಟ್ಟುಹೋದರು, ಎಂದು ಒತ್ತುತ್ತಿದ್ದಳು. ಮುಖ ಪರದೆಯಿಂದ ಮಾಯವಾಗುತ್ತಿತ್ತು. ಯಾಕೆ, ಏನು, ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಕ್ಯಾನ್ಸಲ್ ಆದವರಿಗೆ ಫೋನ್ ಮಾಡಬಾರದು ಎಂಬುದು ಇಲ್ಲಿಯ ಮರ್ಯಾದೆ. ಪಾಪ, ಅವರಿಗೇ ಸಾಕಾಗಿರುತ್ತದೆ, ನಾವು ಬೇರೆ ಕೇಳಿ ನೋಯಿಸುವುದೇಕೆ ಎಂಬ ಒಳ್ಳೆಯ ಮನಸ್ಸಿನಿಂದಲೇ ಎಲ್ಲರೂ ಸುಮ್ಮನಾಗುತ್ತಿದ್ದರು.

ಸುಸನ್ ಮೊಟ್ಟಮೊದಲು ಲೆಫ್ಟ್ ಮಾಡಿದ ಹೆಸರು ಅವಳ ಗಂಡ ಮೆಲ್ವಿನ್‌ನದೇ. ಎರಡು ಸಾವಿರದ ಒಂಬತ್ತರಲ್ಲಿ ಕಂಪೆನಿಗಳು ಮುಳುಗತೊಡಗಿದಾಗ ಅವನ ನೌಕರಿ ಹೋಯಿತು. ಆಗ ಅವನು ಇದೇ ಶುಕ್ರವಾರದ ಕ್ಲಾಸಿನಲ್ಲಿ ಮೊದಲ ವರ್ಷ ಓದುತ್ತಿದ್ದ. ಬೆಳಿಗ್ಗೆ ಅವನನ್ನು ವಿಮಾನ ಹತ್ತಿಸಿ ಬಂದವಳು ಮಧ್ಯಾಹ್ನ ಆಫೀಸಿನಲ್ಲಿ ಕುಳಿತು ಅವನ ಫೈಲು ಮುಚ್ಚಿದಳು. ಒಂದು ವರ್ಷದ ಮೇಲೆ ಅವನು ಬೇರೆ ವೀಸಾದಲ್ಲಿ ಮರಳಿ, ಈಗ ಅಬುಧಾಬಿಯ ಒಂದು ಹೋಟೆಲಿನ ಸ್ಟೋರಿನಲ್ಲಿದ್ದ. ವಾರಕ್ಕೊಮ್ಮೆ ಗುರುವಾರ ಸಂಜೆ ಬಸ್ಸು ಹಿಡಿದು ಕರಾಮದ ಮನೆಗೆ ಬರುತ್ತಿದ್ದ. ಓದಿನ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಆ ಗುರುವಾರ ಬೆಳಿಗ್ಗೆ ಮಂಜು ಬಿದ್ದಿತ್ತು. ಮರಳುಗಾಡಿನಲ್ಲಿ ಮಂಜೆಂದರೆ ಊರಿನವರು ನಗುತ್ತಾರೆ. ಬಂದು ನೋಡಿದರೆ ಬಾಯಿ ಮುಚ್ಚುತ್ತಾರೆ. ಸಮುದ್ರದಿಂದ ಎದ್ದು ಬಂದ ಬಿಳಿ, ರಸ್ತೆಯನ್ನೂ ಸೇತುವೆಯನ್ನೂ ಸದ್ದಿಲ್ಲದೆ ನುಂಗಿಬಿಡುತ್ತದೆ. ಕಟ್ಟಡಗಳ ತಲೆಗಳು ಮಾತ್ರ ಮೇಲೆ ಉಳಿದು, ಬುಡವಿಲ್ಲದೆ ತೇಲುತ್ತಿರುತ್ತವೆ. ಆರನೇ ಕ್ಲಾಸಿನ ಮಗಳು ಸ್ಟೇಸಿ ಕಿಟಕಿಗೆ ಮೂಗು ಒತ್ತಿ, “ಮಮ್ಮಾ, ದುಬೈ ಈಸ್ ಗಾನ್” ಎಂದಳು.

“ಎಲ್ಲಿಗೂ ಹೋಗ್ಲಿಲ್ಲ. ಶೂಸ್ ಹಾಕು, ಯಲ್ಲಾ,” ಎಂದು ಸುಸನ್ ಅವಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಮೆಟ್ರೋಗೆ ನಡೆದಳು.

ರೈಲಿಗೆ ಚಾಲಕನಿಲ್ಲ. ತನ್ನಷ್ಟಕ್ಕೇ ಹೊರಟು, ತನ್ನಷ್ಟಕ್ಕೇ ನಿಲ್ಲುತ್ತದೆ. ಮಂಜಿನ ದಿನ ಅದರಲ್ಲಿ ಕುಳಿತವರಿಗೆ ತಾವು ಹೋಗುತ್ತಿದ್ದೇವೋ ಅಥವಾ ಯಾರೋ ಹೊರಗಿನ ಬಿಳಿಯನ್ನು ಹಿಂದಕ್ಕೆ ಎಳೆಯುತ್ತಿದ್ದಾರೋ ತಿಳಿಯುವುದಿಲ್ಲ. ಸುಸನ್‌ಗೆ ತೂಕಡಿಕೆ ಬಂತು. ಯಾವುದೋ ಸ್ಟೇಷನ್ನಿನಲ್ಲಿ ಕಣ್ಣು ಬಿಟ್ಟಾಗ ಎದುರು ಪ್ಲಾಟ್‌ಫಾರ್ಮಿನ ಗಾಜಿನ ಆಚೆ ಒಂದು ಮುಖ ಕಂಡಿತು. ಹಿಂದೆಲ್ಲ ಬಿಳಿ. ತಲೆಗೆ ಸುತ್ತಿದ ನೀಲಿ ಬಟ್ಟೆ, ನೇರ ನೋಟ. ಝುಲೈಖ! ಕರಾಮದ ಬ್ಯಾಗಿನ ಅಂಗಡಿಯಲ್ಲಿ ಸೇಲ್ಸ್‌ಗೆ ನಿಲ್ಲುತ್ತಿದ್ದ, ಪುತ್ತೂರು ಕಡೆಯ ಝುಲೈಖ. ಹೋದ ವರ್ಷವಷ್ಟೇ ಅವಳನ್ನು ಲೆಫ್ಟ್ ಮಾಡಿದ್ದು ಸುಸನ್‌ಗೆ ಚೆನ್ನಾಗಿ ನೆನಪಿತ್ತು. ಎದ್ದು ಬಾಗಿಲ ಬಳಿ ಹೋಗುವಷ್ಟರಲ್ಲಿ ಬಾಗಿಲು ಮುಚ್ಚಿತು. ಮುಖ ಹಿಂದಕ್ಕೆ ಸರಿದು ಬಿಳಿಯಲ್ಲಿ ಸೇರಿಹೋಯಿತು. ಸುಸನ್ ಶಿಲುಬೆಯ ಗುರುತು ಮಾಡಿಕೊಂಡಳು. ಹಗಲಿಗೂ ಕನಸು ಬೀಳಲು ಶುರುವಾಯಿತೇ ಎಂದು ಅವಳಿಗೆ ಹೆದರಿಕೆಯಾಯಿತು.

ಆಫೀಸಿನಲ್ಲಿ ಡೈರೆಕ್ಟರ್ ಶ್ರೀನಿವಾಸಮೂರ್ತಿ ಕಾಯುತ್ತಿದ್ದರು. ಮೈಸೂರಿನವರು, ಇಸ್ತ್ರಿ ಮುರಿಯದ ಅಂಗಿಯವರು. ಮನುಷ್ಯರ ಮೇಲೆ ಸಿಟ್ಟಿಲ್ಲದ, ಆದರೆ ಶೇಕಡಾವಾರು ಅಂಕಿಯ ಮೇಲೆ ಅಪಾರ ಭಕ್ತಿಯಿರುವ ಜನ. ಅವರೆದುರು ಶುಕ್ರವಾರದ ಮೇಷ್ಟ್ರು ಜಯಪಾಲ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಜಯಪಾಲರು ಕಾಪು ಕಡೆಯವರು. ವಾರವಿಡೀ ಜೆಬೆಲ್ ಅಲಿಯಲ್ಲಿ ಒಂದು ಶಿಪ್ಪಿಂಗ್ ಕಂಪೆನಿಯ ಲೆಕ್ಕ ಬರೆದು, ರಜೆಯ ದಿನ ಇಲ್ಲಿ ಲೆಕ್ಕ ಕಲಿಸುತ್ತಿದ್ದರು.

“ನೋಡಿ ಸುಸನ್, ಭಾನುವಾರ ಹೆಡ್ ಆಫೀಸಿಗೆ ಸಕ್ಸೆಸ್ ರೇಟ್ ಹೋಗಬೇಕು,” ಎಂದರು ಮೂರ್ತಿ. “ಒಟ್ಟಿಗೆ ಸೇರಿದೋರಲ್ಲಿ ಮೂರು ವರ್ಷದೊಳಗೆ ಡಿಪ್ಲೊಮಾ ತಗೊಂಡೋರು ಎಷ್ಟು? ಅಷ್ಟೇ ಪ್ರಶ್ನೆ. ಬೆಳಗಿನ ಕ್ಲಾಸು?”

“ನೂರಕ್ಕೆ ಎಂಬತ್ತು ಸರ್.”

“ಶುಕ್ರವಾರದ್ದು?”

ಸುಸನ್ ಪರದೆ ನೋಡಿದಳು, ಗೊತ್ತಿಲ್ಲದೆ ಅಲ್ಲ. “ಇಪ್ಪತ್ತಕ್ಕೂ ಕಮ್ಮಿ.”

ಮೂರ್ತಿ ಕನ್ನಡಕ ತೆಗೆದು ಒರೆಸಿಕೊಂಡರು. “ಜಯಪಾಲ್, ನಿಮ್ಮ ಮೇಲೆ ನನಗೇನೂ ಬೇಜಾರಿಲ್ಲ. ಆದರೆ ಇದನ್ನಿಟ್ಕೊಂಡು ನಾನು ಏನು ಹೇಳಲಿ? ಈ ಟರ್ಮಿಗೆ ಶುಕ್ರವಾರದ ಕ್ಲಾಸು ನಿಲ್ಲಿಸೋಣ.”

“ಸರ್, ಬೆಳಗ್ಗಿನ ಮಕ್ಕಳದ್ದು ಪಪ್ಪನ ವೀಸಾ ಅಲ್ವಾ?” ಜಯಪಾಲರ ದನಿ ಏರಿತು. “ಅವರನ್ನು ಯಾರು ಕ್ಯಾನ್ಸಲ್ ಮಾಡ್ತಾರೆ ಮಾರಾಯ್ರೆ? ನನ್ನವರದ್ದು ಕಂಪೆನಿ ವೀಸಾ. ನೀವು ಒಮ್ಮೆ ಶುಕ್ರವಾರ ಬಂದು ಕ್ಲಾಸು ನೋಡ್ಬೇಕು ಸರ್. ಎಂತ ಉಂಟು ಅಂತ ನೋಡ್ಬೇಕು.”

“ನೋಡೋದಕ್ಕೂ ಎಣಿಸೋದಕ್ಕೂ ವ್ಯತ್ಯಾಸ ಇದೆ ಜಯಪಾಲ್. ನಾನು ನೋಡಿದ್ದನ್ನ ಹೆಡ್ ಆಫೀಸು ನಂಬಲ್ಲ.”

ಸುಸನ್‌ಗೆ ಬಾಯಿಗೆ ಬಂದದ್ದು ತಡೆಯಲಾಗಲಿಲ್ಲ. “ಸರ್, ಇವತ್ತು ಬೆಳಿಗ್ಗೆ ನಾನು ಝುಲೈಖನ್ನ ಕಂಡೆ. ಲೆಫ್ಟ್ ಆದವಳು.”

“ಕ್ಯಾನ್ಸಲ್ ಆದೋರು ಇಲ್ಲಿ ಹೇಗೆ ಕಾಣ್ತಾರಮ್ಮ? ಮಂಜಲ್ಲಿ ಯಾರನ್ನೋ ನೋಡಿರ್ತೀರ,” ಎಂದು ಮೂರ್ತಿ ನಕ್ಕರು.

ಜಯಪಾಲರು ನಗಲಿಲ್ಲ. ಏನೋ ಹೇಳಲು ಹೊರಟವರು ಅದನ್ನು ಬಿಟ್ಟು ಬ್ಯಾಗು ಎತ್ತಿಕೊಂಡು ಎದ್ದರು. ಅವರ ಕಿವಿ ಕೆಂಪಾಗಿದ್ದನ್ನು ಸುಸನ್ ಗಮನಿಸಿದಳು. ಇಷ್ಟು ವರ್ಷ ಕಂಡ ಮನುಷ್ಯ, ಸುಳ್ಳು ಹೇಳಲು ಬಾರದವರು, ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು.

ಸಂಜೆ ಮೆಲ್ವಿನ್ ಬಂದ. ಕೈಕಾಲು ತೊಳೆದು ಚಾ ಹಿಡಿದು ಕುಳಿತ. ಸುಸನ್ ಮೀನಿಗೆ ಮಸಾಲೆ ಹಚ್ಚುತ್ತಾ ದಿನದ ಕತೆಯೆಲ್ಲ ಹೇಳಿದಳು. ಶುಕ್ರವಾರದ ಕ್ಲಾಸು ಮುಚ್ಚುತ್ತದೆಂದು ಕೇಳಿದಾಗ ಅವನ ಮುಖ ಸಪ್ಪಗಾಯಿತು.

“ಝುಲೈಖಗೆ ಒಂದು ಫೋನ್ ಮಾಡಿ ನೋಡು. ಇದ್ದಾಳಾ ಇಲ್ವಾ ಗೊತ್ತಾಗ್ತದೆ,” ಎಂದ.

“ಕ್ಯಾನ್ಸಲ್ ಆದವರಿಗೆ ಹೇಗೆ ಫೋನ್ ಮಾಡೂದು? ಅವಳಿಗೆ ಎಂತ ಅನ್ನಿಸ್ಲಿಕ್ಕಿಲ್ಲ?”

ಮೆಲ್ವಿನ್ ಚಾ ಲೋಟವನ್ನು ಕೆಳಗಿಟ್ಟ. “ನಾನು ಕ್ಯಾನ್ಸಲ್ ಆದಾಗ ಎಲ್ಲರೂ ಹೀಗೇ ಯೋಚನೆ ಮಾಡಿದ್ದು, ಅಲ್ವಾ?”

ಸುಸನ್ ತಿರುಗಿ ನೋಡಿದಳು.

“ಊರಲ್ಲಿ, ಕುಲಶೇಖರದ ಮನೆಯಲ್ಲಿ ಒಂದು ವರ್ಷ ಕೂತದ್ದು ನಾನು. ಮೊಬೈಲ್ ಚಾರ್ಜಿಗೆ ಹಾಕಿ, ಅದರ ಹತ್ರವೇ ಕೂತುಕೊಳ್ತಿದ್ದೆ. ಫ್ರೆಂಡ್ಸ್ ಮಾಡ್ಬಹುದು ಅಂತ ಇತ್ತು. ಜಯಪಾಲ್ ಸರ್ ಮಾಡ್ಬಹುದು ಅಂತ ಇತ್ತು. ಕಾಲೇಜಿನಿಂದ ಯಾರಾದ್ರೂ, ಮೆಲ್ವಿನ್, ವಾಪಸ್ ಬಂದ್ರೆ ನಿನ್ನ ಸೀಟ್ ಉಂಟು ಅಂತ ಒಂದು ಮಾತು ಹೇಳ್ಬಹುದು ಅಂತ ಇತ್ತು. ಯಾರೂ ಮಾಡ್ಲಿಲ್ಲ.”

“ನಾನು ದಿನಾ ಮಾಡ್ತಿದ್ದೆ ಮೆಲ್ವಿನ್.”

“ನೀನು ನನ್ನ ಹೆಂಡ್ತಿ ಅಂತ ಮಾಡಿದ್ದು. ಸ್ಟೇಸಿಗೆ ಜ್ವರ, ಬಾಡಿಗೆ, ಇಗರ್ಜಿ. ಕಾಲೇಜಿನವಳು ಅಂತ ಒಂದು ಸಲವೂ ಮಾಡ್ಲಿಲ್ಲ.”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸುಸನ್‌ಗೆ ಇಷ್ಟು ನೋಯುತ್ತಿರಲಿಲ್ಲ. ಮಸಾಲೆಯ ಕೈ ಹಾಗೇ ಗಾಳಿಯಲ್ಲಿ ನಿಂತಿತು, ಕಣ್ಣು ತುಂಬಿಬಂತು. ಅವನನ್ನು ನೋಯಿಸಬಾರದೆಂದೇ ತಾನು ಆ ಮಾತೆತ್ತದೆ ಇದ್ದದ್ದು. ಮರ್ಯಾದೆಯೆಂದುಕೊಂಡು ಐದಾರು ವರ್ಷ ಕಾಪಾಡಿದ್ದ ಮೌನ ಅವನ ಪಾಲಿಗೆ ಮುಚ್ಚಿದ ಬಾಗಿಲಾಗಿತ್ತು. ಅವಳು ಕೈ ತೊಳೆದು, ಮೀನನ್ನು ಅವನಿಗೆ ಒಪ್ಪಿಸಿ, ಫೋನ್ ಎತ್ತಿಕೊಂಡು ಬಾಲ್ಕನಿಗೆ ಹೋದಳು.

ಝುಲೈಖ ಎರಡನೇ ರಿಂಗಿಗೇ ಎತ್ತಿದಳು.

“ಝುಲೈಖ, ಸುಸನ್ ಮಾತಾಡೂದು. ಕಾಲೇಜಿನಿಂದ.”

ಆ ಕಡೆ ಒಂದು ಉಸಿರು. “ಅಲ್ಲಾಹ್, ಮೇಡಂ! ನೀವು ಬೆಳಿಗ್ಗೆ ಟ್ರೇನಲ್ಲಿ ನನ್ನನ್ನು ನೋಡಿದ್ರಿ, ಅಲ್ವಾ? ಜಯಪಾಲ್ ಸರ್‌ಗೆ ಎಂತದೂ ಹೇಳ್ಬೇಡಿ. ಅವರದ್ದು ತಪ್ಪಿಲ್ಲ.”

“ಎಂತ ತಪ್ಪು? ನೀನು ಕ್ಯಾನ್ಸಲ್ ಆಗಿ ಊರಿಗೆ ಹೋಗ್ಲಿಲ್ವಾ?”

“ಕ್ಯಾನ್ಸಲ್ ಆದದ್ದು ಹೌದು ಮೇಡಂ. ಬೇರೆ ಕಂಪೆನಿಗೆ ಹೋಗ್ಲಿಕ್ಕೆ ಮೊದಲಿನ ವೀಸಾ ಕ್ಯಾನ್ಸಲ್ ಆಗ್ಬೇಕಲ್ಲ? ನಾನು ಈಗ ಅಬುಧಾಬಿಯಲ್ಲಿ, ಅಕೌಂಟ್ಸ್ ಅಸಿಸ್ಟೆಂಟ್. ಕಂಪೆನಿ ಕೆಲಸಕ್ಕೆ ಆಗಾಗ ದುಬೈಗೆ ಬರ್ತೇನೆ.” ಅವಳು ದನಿ ತಗ್ಗಿಸಿದಳು. “ಹೊಸ ಬಾಸ್ ಹತ್ರ ಓದ್ಲಿಕ್ಕೆ ಲೆಟರ್ ಕೇಳ್ಲಿಕ್ಕೆ ಹೆದರಿಕೆ. ಹಾಗೆ ಹೆಸರಿಲ್ಲದೆ ಬಂದು ಹಿಂದಿನ ಬೆಂಚಲ್ಲಿ ಕೂತುಕೊಳ್ತೇನೆ. ನಾನೊಬ್ಬಳೇ ಅಲ್ಲ ಮೇಡಂ, ತುಂಬ ಜನ ಉಂಟು. ಸರ್ ಪಾಪ ಬೇಡ ಅನ್ನೂದಿಲ್ಲ.”

ಸುಸನ್ ಬಾಲ್ಕನಿಯ ಕಂಬಿ ಹಿಡಿದುಕೊಂಡಳು. ಈ ತಿಂಗಳಿಡೀ ತನ್ನ ಕನಸಿನಲ್ಲಿ ಬಂದು ನಿಂತವರು ಅಷ್ಟೂ ಶುಕ್ರವಾರ ತನ್ನ ಮೇಜಿನಿಂದ ಎರಡು ಗೋಡೆ ಆಚೆ ಕುಳಿತಿದ್ದರು. ಶುಕ್ರವಾರ ತನಗೆ ರಜೆ, ಇಲ್ಲಿ ಭಾನುವಾರದ ಪೂಜೆಯೂ ಅಂದೇ ಆದ್ದರಿಂದ ಇಗರ್ಜಿಯ ದಿನ. ಒಂದೇ ಒಂದು ಸಲ ಬಂದು ನೋಡಿರಲಿಲ್ಲ. ಅವಳಿಗೆ ನಗುವೂ ಬಂತು, ತನ್ನ ಮೇಲೆಯೇ ಸಿಟ್ಟೂ ಬಂತು.

ಊಟದ ಹೊತ್ತಿನವರೆಗೆ ಅವಳು ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡಿದಳು. ನಂಬರುಗಳು ಅವಳ ಫೋನಿನಲ್ಲೇ ಇದ್ದವು, ಹೆಸರುಗಳಿಗೆ ಏನನ್ನೂ ನೋಡಬೇಕಾಗಿರಲಿಲ್ಲ. ಕನಸು ಅವನ್ನು ಬಾಯಿಪಾಠ ಮಾಡಿಸಿಬಿಟ್ಟಿತ್ತು. ಕೆಲವರು ಸಂತೋಷಪಟ್ಟರು, ಕೆಲವರು ಗಾಬರಿಬಿದ್ದು ತಾವು ಯಾವ ತಪ್ಪೂ ಮಾಡಿಲ್ಲವೆಂದರು. ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದ ಮರಿಯಮ್ ಬೀವಿ ಈಗ ಬೇರೊಂದು ಆಸ್ಪತ್ರೆಯ ಕೌಂಟರಿನಲ್ಲಿ ಕೂರುತ್ತಿದ್ದಳು. ಗೋದಾಮಿನ ಹೆಲ್ಪರ್ ಸುಶಾಂತ್ ಅದೇ ಜೆಬೆಲ್ ಅಲಿಯಲ್ಲಿ ಬೇರೆ ಕಂಪೆನಿಯ ಸ್ಟೋರ್‌ಕೀಪರ್ ಆಗಿದ್ದ. ಹಾಗೆಂದು ಎಲ್ಲರೂ ಮೇಲೇರಿದ್ದರೆಂದು ಹೇಳಿದರೆ ಅದು ಶುದ್ಧ ಸುಳ್ಳು. ಒಬ್ಬ ಹೊಸ ಕಂಪೆನಿಯೂ ಮುಚ್ಚಿ ಕೆಲಸ ಹುಡುಕುತ್ತಿದ್ದ. ಒಬ್ಬಾಕೆ ಮದುವೆಯಾಗಿ ಊರಲ್ಲಿದ್ದಳು, ಓದಿನ ಮಾತು ಕೇಳಿ ಅತ್ತಳು. ಅಬ್ದುಲ್ ರವೂಫ್ ಎಂಬವನ ನಂಬರು ಚಾಲ್ತಿಯಲ್ಲೇ ಇರಲಿಲ್ಲ. ಕೊನೆಗೆ ಅವಳು ಮೂರ್ತಿಯವರಿಗೆ ಫೋನ್ ಮಾಡಿದಳು.

“ಫೋನಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಹೇಳಬಹುದು ಸುಸನ್,” ಎಂದರು ಅವರು.

“ಅದಕ್ಕೇ ಸರ್, ನಾಳೆ ಬೆಳಿಗ್ಗೆ ಬನ್ನಿ. ನೋಡ್ಲಿಕ್ಕೆ ಬೇಡ, ಎಣಿಸ್ಲಿಕ್ಕೆ ಬನ್ನಿ.”

“ಎಷ್ಟು ಗಂಟೆಗೆ?” ಎಂದರು ಮೂರ್ತಿ.

ಶುಕ್ರವಾರದ ಮಂಜು ಗುರುವಾರದ್ದನ್ನೂ ಮೀರಿಸಿತ್ತು. ಪಕ್ಕದ ಮನೆಯ ಸಿಸಿಲಿಯಾ ಬಾಯಿ ಸ್ಟೇಸಿಯನ್ನು ಧರ್ಮೋಪದೇಶದ ಕ್ಲಾಸಿಗೆ ಕರೆದುಕೊಂಡು ಹೋದರು. ಸುಸನ್ ಇಗರ್ಜಿಯ ಪೂಜೆಗೆ ಸಂಜೆ ಹೋಗುವುದೆಂದುಕೊಂಡು ಮೆಲ್ವಿನ್ ಜೊತೆ ಟ್ಯಾಕ್ಸಿ ಹಿಡಿದಳು. ಶುಕ್ರವಾರ ಬೆಳಿಗ್ಗೆ ಮೆಟ್ರೋ ಓಡುತ್ತಿರಲಿಲ್ಲ. ಮೆಲ್ವಿನ್ ಅವಳ ಲ್ಯಾಪ್‌ಟಾಪ್ ಚೀಲವನ್ನೂ ಚಾದ ಫ್ಲಾಸ್ಕನ್ನೂ ಹಿಡಿದುಕೊಂಡಿದ್ದ. ಹದಿನಾಲ್ಕನೇ ಮಹಡಿಯಲ್ಲಿ ಲಿಫ್ಟಿನಿಂದ ಇಳಿದವನು, “ನೀನು ಹೋಗು, ನಾನು ಇಲ್ಲೇ ಇರ್ತೇನೆ,” ಎಂದು ಹೊರಗೆ ಗೋಡೆಗೆ ಒರಗಿ ನಿಂತ.

ಕ್ಲಾಸಿನ ಕಿಟಕಿಯಲ್ಲಿ ಕೆರೆಯಿಲ್ಲ, ಎದುರು ಕಟ್ಟಡವಿಲ್ಲ, ಬಿಳಿ ಮಾತ್ರ. ಸುಸನ್‌ಗೆ ತಾನು ಎದ್ದಿದ್ದೇನೋ ಮಲಗಿದ್ದೇನೋ ಎಂದು ಒಂದು ಕ್ಷಣ ಅನುಮಾನವಾಯಿತು. ಮುಂದಿನ ಬೆಂಚಿನಲ್ಲಿ, ಹಾಜರಿಯಲ್ಲಿ ಹೆಸರಿದ್ದ ನಾಲ್ಕೈದು ಮಂದಿ ಮುದುಡಿ ಕುಳಿತಿದ್ದರು. ಹಿಂದಿನ ಬೆಂಚುಗಳೆಲ್ಲ ಖಾಲಿ. ಮೂರ್ತಿಯವರು ವಾಕಿಂಗ್ ಶೂಸಿನಲ್ಲೇ ಬಂದು ಮೂಲೆಯಲ್ಲಿ ಕೈಕಟ್ಟಿ ಕೂತಿದ್ದರು. ಜಯಪಾಲರಿಗೆ ಡೈರೆಕ್ಟರನ್ನು ಕಂಡು ಜೀವ ಬಾಯಿಗೆ ಬಂದಿತ್ತು. ಅವರು ಬೋರ್ಡಿನ ಮೇಲೆ ಅದೇ ಗೆರೆಯನ್ನು ಅಳಿಸಿ ಅಳಿಸಿ ಎಳೆಯುತ್ತಿದ್ದರು.

“ಇವರೇನಾ?” ಎಂದರು ಮೂರ್ತಿ.

“ಬರ್ತಾರೆ ಸರ್. ಮಂಜು ಅಲ್ವಾ, ಬಸ್ಸೆಲ್ಲ ನಿಂತಿರ್ಬೇಕು,” ಎಂದಳು ಸುಸನ್. ಡೈರೆಕ್ಟರ್ ಬರುತ್ತಾರೆಂದು ಯಾರೋ ಹೇಳಿ, ಎಲ್ಲರೂ ಹೆದರಿ ಮನೆಯಲ್ಲೇ ಉಳಿದರೇ? ತಾನು ಫೋನ್ ಮಾಡಿ ಇದ್ದದ್ದನ್ನೂ ಕೆಡಿಸಿದೆನೇ? ಮೂರ್ತಿ ಗಡಿಯಾರ ನೋಡಿಕೊಂಡರು, ಆಮೇಲೆ ಇನ್ನೊಮ್ಮೆ ನೋಡಿಕೊಂಡರು. ಮೂರನೇ ಸಲಕ್ಕೆ ಕುರ್ಚಿಯಿಂದ ಎದ್ದೇಬಿಟ್ಟರು.

ಹೊರಗೆ ಲಿಫ್ಟಿನ ಗಂಟೆ ಹೊಡೆಯಿತು. ನೀಲಿ ಬಟ್ಟೆ ಸುತ್ತಿಕೊಂಡ ಝುಲೈಖ ಬಾಗಿಲಲ್ಲಿ ನಿಂತಳು. ರೆಪ್ಪೆಯ ಮೇಲೆಲ್ಲ ಮಂಜಿನ ಹನಿ, ಕೈಯಲ್ಲೊಂದು ಹಲ್ವಾದ ಪೊಟ್ಟಣ. ಡೈರೆಕ್ಟರನ್ನು ಕಂಡು ಹಿಂದೆ ಸರಿಯಹೋದವಳನ್ನು ಸುಸನ್ ಕೈ ಹಿಡಿದು ಒಳಗೆ ಎಳೆದುಕೊಂಡಳು. ಮತ್ತೆ ಗಂಟೆ ಹೊಡೆಯಿತು. ಮರಿಯಮ್ ಬೀವಿ ಬಂದಳು. ಸುಶಾಂತ್ ತನ್ನ ಜೊತೆ ಮೂವರನ್ನು ಕರೆದುಕೊಂಡು ಬಂದ. ಅವರ ಬಸ್ಸು ದಾರಿಯಲ್ಲೇ ನಿಂತು, ಕೊನೆಯ ಒಂದಷ್ಟು ದೂರ ರಸ್ತೆಯ ಬದಿ ಹಿಡಿದು ನಡೆದು ಬಂದಿದ್ದರಂತೆ. ಗಂಟೆ ಹೊಡೆಯುತ್ತಲೇ ಇತ್ತು. ಒಬ್ಬೊಬ್ಬರೇ ಬಂದು ಕಿಟಕಿಯ ಆ ಬಿಳಿಯ ಮುಂದೆ ಹಿಂದಿನ ಬೆಂಚುಗಳಲ್ಲಿ ಕುಳಿತರು. ಅವೇ ಮುಖಗಳು, ಅದೇ ಬಿಳಿ. ಆದರೆ ಇವು ಕೆಮ್ಮುತ್ತಿದ್ದವು, ಮೂಗು ಒರೆಸಿಕೊಳ್ಳುತ್ತಿದ್ದವು, ಕಿವಿಯಲ್ಲಿ ಪಿಸುಗುಡುತ್ತಿದ್ದವು.

ಜಯಪಾಲರು ಚಾಕ್ ಕೆಳಗಿಟ್ಟರು. “ತಪ್ಪು ನಂದೇ ಸರ್. ಹೆಸರಿಲ್ಲದವರನ್ನು ಕೂರಿಸ್ಬಾರ್ದು ಅಂತ ಗೊತ್ತುಂಟು. ಬಾಗಿಲಿಗೆ ಬಂದವರನ್ನು ಹೋಗಿ ಅಂತ ಹೇಳ್ಲಿಕ್ಕೆ ನನಗೆ ಬರೂದಿಲ್ಲ.”

ಮೂರ್ತಿ ಝುಲೈಖಳನ್ನು ನೋಡಿ ಕೇಳಿದರು: “ಅಲ್ಲಮ್ಮ, ಕೆಲಸ ಸಿಕ್ಕಿದೆ. ಹಾಜರಿ ಇಲ್ಲ, ಪರೀಕ್ಷೆಗೆ ಕೂರೋ ಹಾಗಿಲ್ಲ, ಡಿಪ್ಲೊಮಾ ಸಿಗಲ್ಲ. ಆದರೂ ಅಬುಧಾಬಿಯಿಂದ ಇಲ್ಲಿಗ್ಯಾಕೆ ಬರ್ತೀಯ?”

“ಸಿಕ್ಕಿದ ಕೆಲಸ ಮಾಡ್ಲಿಕ್ಕೆ ಗೊತ್ತಾಗ್ಬೇಕಲ್ಲ ಸರ್,” ಎಂದಳು ಝುಲೈಖ. ಹಿಂದಿನ ಬೆಂಚು ಗೊಳ್ಳೆಂದಿತು. ಮೂರ್ತಿಯವರೂ ನಗುವನ್ನು ಮೀಸೆಯಡಿ ಅಡಗಿಸಿಕೊಳ್ಳಬೇಕಾಯಿತು.

“ಸರಿ, ಎಣಿಸೋಕೆ ಅಂತ ಕರೆದಿದ್ದೀರಿ. ಕರೀರಿ ಹಾಜರಿ,” ಎಂದು ಅವರು ಮತ್ತೆ ಕುರ್ಚಿಯಲ್ಲಿ ಕುಳಿತರು.

ಸುಸನ್ ಬೋರ್ಡಿನ ಮುಂದೆ ನಿಂತು, ತಾನು ಅಳಿಸಿದ ಹೆಸರುಗಳನ್ನು ಕರೆಯತೊಡಗಿದಳು. ಒಂದೊಂದಕ್ಕೂ ಹಿಂದಿನಿಂದ ಒಂದೊಂದು ದನಿ ಎದ್ದು ಬಂತು. ಪ್ರೆಸೆಂಟ್ ಮೇಡಂ. ಪ್ರೆಸೆಂಟ್. ಇದ್ದೇನೆ ಮೇಡಂ. ಕೆಲವು ಹೆಸರಿಗೆ ಮೌನ. ಆಗ ಅವಳು ತುಸು ಕಾದು ಮುಂದಿನದಕ್ಕೆ ಹೋಗುತ್ತಿದ್ದಳು. ಅಬ್ದುಲ್ ರವೂಫ್ ಎಂದು ಕರೆದಾಗ ಎಲ್ಲರೂ ಬಾಗಿಲ ಕಡೆ ತಿರುಗಿದರು. ಲಿಫ್ಟಿನ ಗಂಟೆ ಹೊಡೆಯಲಿಲ್ಲ.

“ನಂಬರ್ ಇಲ್ಲ ಸರ್. ಲೆಫ್ಟ್ ಅಂತಲೇ ಇರ್ಲಿ,” ಎಂದಳು ಸುಸನ್ ತಗ್ಗಿದ ದನಿಯಲ್ಲಿ.

“ಬೇಡ,” ಎಂದರು ಮೂರ್ತಿ. “ಗೊತ್ತಿಲ್ಲ ಅಂತ ಬರೀರಿ. ನಮಗೆ ಗೊತ್ತಿಲ್ಲ ಅನ್ನೋದು ನಮ್ಮ ತಪ್ಪು, ಅವನು ಬಿಟ್ಟುಹೋದ ಅನ್ನೋದು ಅವನ ಮೇಲೆ ಹಾಕೋ ತಪ್ಪು. ಯಾರಾದ್ರೂ ಅವನ ಊರಿನೋರು ಇದ್ರೆ ಹುಡುಕಿ.” ಅವರು ಕನ್ನಡಕ ಒರೆಸಿಕೊಂಡರು. “ಭಾನುವಾರ ಹೆಡ್ ಆಫೀಸಿಗೆ ಏನೂ ಹೋಗಲ್ಲ. ಎಣಿಕೆ ಇನ್ನೂ ಮುಗಿದಿಲ್ಲ ಅಂತ ನಾನೇ ಹೇಳ್ತೀನಿ. ಮುಗಿಯೋ ತನಕ ಕ್ಲಾಸು ನಡೀಲಿ. ಇವರಿಗೆ ಕಂಪೆನಿ ಲೆಟರ್ ಇಲ್ಲದೆ ಹೆಸರು ಹಚ್ಚೋಕೆ ದಾರಿ ಇದೆಯಾ ಅಂತ ಕೂತು ನೋಡೋಣ. ಆಯ್ತಲ್ಲ, ಹೆಸರು ಮುಗೀತಾ?”

ಸುಸನ್ ಇಲ್ಲವೆಂದು ತಲೆಯಾಡಿಸಿದಳು. ಇನ್ನೊಂದು ಹೆಸರಿತ್ತು. ಎಲ್ಲಕ್ಕಿಂತ ಮೊದಲು ಮುಚ್ಚಿದ ಫೈಲು. ಅದು ಕನಸಿನಲ್ಲಿ ಒಮ್ಮೆಯೂ ಬಂದಿರಲಿಲ್ಲ. ವಾರವಾರವೂ ಮನೆಗೇ ಬರುವವನು ಕನಸಿಗೆ ಬರಬೇಕಾದದ್ದೇಕೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಅವಳು ಹೆಂಡತಿಯ ದನಿಯನ್ನು ಬದಿಗಿಟ್ಟು, ಆಫೀಸಿನವಳ ದನಿಯಲ್ಲಿ, ಬಾಗಿಲಾಚೆ ಕೇಳುವಂತೆ ಕರೆದಳು.

“ಮೆಲ್ವಿನ್ ಪಾಯ್ಸ್.”

ಜಯಪಾಲರು ತಟ್ಟನೆ ತಲೆಯೆತ್ತಿ, ಏನೋ ನೆನಪಾದವರಂತೆ ಅವಳನ್ನು ನೋಡಿದರು. ಹಿಂದಿನ ಬೆಂಚಿನವರು ಇದು ಯಾರೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೊರಗೆ ಫ್ಲಾಸ್ಕನ್ನು ನೆಲಕ್ಕಿಟ್ಟ ಸಣ್ಣ ಸದ್ದು ಕೇಳಿಸಿತು.

ಬಾಗಿಲಲ್ಲಿ ಮೆಲ್ವಿನ್ ನಿಂತಿದ್ದ. ಒಂದು ಕೈಯಲ್ಲಿ ಅವಳ ಲ್ಯಾಪ್‌ಟಾಪ್ ಚೀಲ, ಇನ್ನೊಂದು ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅರ್ಧಕ್ಕೆ ಎತ್ತಿದ್ದ.

“ಪ್ರೆಸೆಂಟ್ ಮೇಡಂ,” ಎಂದ.

ಝುಲೈಖ ಹಲ್ವಾದ ಪೊಟ್ಟಣವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಹಿಂದಿನ ಬೆಂಚಿನಲ್ಲಿ ಒತ್ತಿ ಕುಳಿತು ಅವನಿಗೆ ಜಾಗ ಮಾಡಿಕೊಟ್ಟಳು.